ಹೋದ ಪುಟ್ಟ, ಬಂದ ಪುಟ್ಟ



ಈ ಮೈಕಿನ ಮುಂದೆ ಕೂತಾಗಲೆಲ್ಲ ನನಗೆ ಸಣ್ಣದೊಂದು ಹೊಟ್ಟೆಕಿಚ್ಚು. ನನ್ನ ಮಾತನ್ನು ಈಗ ನೂರು ಮಂದಿ ಕೇಳುತ್ತಿರಬಹುದು, ಲಕ್ಷ ಮಂದಿ ಕೇಳುತ್ತಿರಬಹುದು. ಟ್ರಾನ್ಸ್‌ಮಿಟರಿಗೆ ಅದರ ಪರಿವೆಯೇ ಇಲ್ಲ. ನೀವು ಅಡುಗೆಮನೆಯಲ್ಲಿ ರೇಡಿಯೋ ಹಾಕಿದಿರಿ ಅಂತ ಅದಕ್ಕೆ ಒಂದು ವ್ಯಾಟ್ ಕೂಡ ಜಾಸ್ತಿ ಖರ್ಚಾಗುವುದಿಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದಾಗಲೂ ಅಷ್ಟೇ. ಊರಿಗೆ ಇನ್ನೊಂದು ರೇಡಿಯೋ ಸೆಟ್ಟು ಬಂತು ಅಂದರೆ ಅವರಿಗೆ ಸಂತೋಷವಾಗುತ್ತಿತ್ತೇ ಹೊರತು ಅವರ ಯಂತ್ರಕ್ಕೆ ಭಾರವಾಗುತ್ತಿರಲಿಲ್ಲ.

ನಾನು ಬಹಳ ವರ್ಷಗಳಿಂದ ನೋಡಿಕೊಂಡು ಬಂದಿರುವ ಯಂತ್ರಕ್ಕೆ ಆ ಭಾಗ್ಯವಿಲ್ಲ. ಅದು ಮೇಲ್ ಸರ್ವರ್. ಅಲ್ಲಿ ಬಂದ ಒಬ್ಬೊಬ್ಬರಿಗೂ ಎದ್ದು ಹೋಗಿ ಬಾಗಿಲು ತೆರೆಯಬೇಕು, ನೀವ್ಯಾರು ಅಂತ ಕೇಳಬೇಕು, ಹೇಳಿದ್ದು ನಿಜವೋ ಅಂತ ನೋಡಬೇಕು, ಅವರ ಪೆಟ್ಟಿಗೆ ತೆಗೆದು ಪತ್ರ ತಂದು ತೋರಿಸಬೇಕು, ಮತ್ತೆ ಬಾಗಿಲು ಹಾಕಬೇಕು. ಮೇಲ್ ಸರ್ವರ್ ನಿಧಾನವಾಯಿತು ಅಂದರೆ ಬಹಳ ಜನ, ಪತ್ರಗಳು ಜಾಸ್ತಿಯಾಗಿವೆ ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಪತ್ರಗಳ ಭಾರಕ್ಕಿಂತ ಬಾಗಿಲ ಕೆಲಸದ ಭಾರವೇ ಹೆಚ್ಚು. ಈ ಹೊತ್ತಿನ ನನ್ನ ಮಾತೆಲ್ಲ ಆ ಬಾಗಿಲಿನ ಬಗ್ಗೆಯೇ.

ಮೊದಲು ಒಂದು ಹಳೆಯ ಸೋಮವಾರ. ನಾನಾಗ ಒಂದು ವಿದ್ಯಾಸಂಸ್ಥೆಯಲ್ಲಿದ್ದೆ. 2008ರ ಆಸುಪಾಸು. ಸುಮಾರು ಮೂರು ಸಾವಿರ ಜನರ ಮೇಲ್ ಒಂದೇ ಯಂತ್ರದಲ್ಲಿತ್ತು. ಅದೇ ಯಂತ್ರದಲ್ಲಿ ವೆಬ್‌ಮೇಲ್ ಕೂಡ. ಅಂದರೆ ಬ್ರೌಸರಿನಲ್ಲೇ ಪತ್ರ ಓದುವ ವ್ಯವಸ್ಥೆ. ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಫೋನುಗಳು ಶುರುವಾದವು. "ಏನ್ರೀ, ನನ್ನ ಪಾಸ್‌ವರ್ಡ್ ತಪ್ಪು ಅಂತಿದೆ ನಿಮ್ಮ ಮೇಲು?" ಇನ್ನೊಬ್ಬರದು ಇನ್ನೂ ವಿಚಿತ್ರ: "ಮೂರು ಸಲ ಬೇಡ ಅಂತು, ನಾಲ್ಕನೇ ಸಲ ಒಳಗೆ ಬಿಟ್ಟಿತು. ಪಾಸ್‌ವರ್ಡ್ ನಾನು ಬದಲಾಯಿಸಿಯೇ ಇಲ್ಲ."

ಯಂತ್ರ ಬಸವಳಿದಿರಬೇಕು ಅಂದುಕೊಂಡು ನೋಡಿದರೆ ಅದು ಆರಾಮಾಗಿ ಕೂತಿದೆ. ಪ್ರೊಸೆಸರಿಗೆ ಕೆಲಸವಿಲ್ಲ, ಮೆಮೊರಿ ಅರ್ಧಕ್ಕರ್ಧ ಖಾಲಿ, ಡಿಸ್ಕಿನ ದೀಪ ಅಪರೂಪಕ್ಕೊಮ್ಮೆ ಮಿಣುಕುತ್ತಿದೆ. ಖಾಲಿ ಬಸ್ಸು ನಿಲ್ದಾಣದಲ್ಲಿ ನಿಲ್ಲಿಸದೇ ಹೋದರೆ ಹೇಗಿರುತ್ತದೆ, ಹಾಗೆ. ಆಮೇಲೆ ಲಾಗ್ ತೆರೆದೆ. ಲಾಗ್ ಅಂದರೆ ಸರ್ವರ್ ತಾನೇ ಬರೆದಿಡುವ ದಿನಚರಿ. ಅದರಲ್ಲಿ ಒಂದೇ ಸಾಲು ನೂರಾರು ಸಲ ಇತ್ತು: ಈ ವಿಳಾಸದಿಂದ ಬರಬಹುದಾದ ಕನೆಕ್ಷನ್‌ಗಳ ಮಿತಿ ಮುಗಿಯಿತು. ಯಾವ ವಿಳಾಸ ಅಂತ ನೋಡಿದರೆ 127.0.0.1. ಕಂಪ್ಯೂಟರಿನವರಿಗೆ ಈ ಅಂಕಿ ಗೊತ್ತು. ಅದು ಆ ಯಂತ್ರದ್ದೇ ವಿಳಾಸ, ತಾನು ತನ್ನನ್ನೇ ಕರೆದುಕೊಳ್ಳುವಾಗ ಬಳಸುವುದು. ಅಂದರೆ ಸರ್ವರ್ ತನ್ನ ಮನೆಯವರನ್ನೇ ಬಾಗಿಲಲ್ಲಿ ನಿಲ್ಲಿಸಿಕೊಂಡಿತ್ತು.

ನಾವು ಬಳಸುತ್ತಿದ್ದ ತಂತ್ರಾಂಶದ ಹೆಸರು ಕೊರಿಯರ್. ಅದರ ಸೆಟ್ಟಿಂಗ್ ಕಡತದಲ್ಲಿ ಎರಡು ಸಾಲುಗಳಿದ್ದವು. ಒಟ್ಟು ಎಷ್ಟು ಜನ ಒಳಗಿರಬಹುದು: 40. ಒಂದೇ ವಿಳಾಸದಿಂದ ಎಷ್ಟು ಜನ ಬರಬಹುದು: 4. ಎರಡೂ ಅಂಕಿ ನಾವು ಬರೆದದ್ದಲ್ಲ. ತಂತ್ರಾಂಶದ ಜೊತೆಗೇ ಬಂದದ್ದು. ಅದನ್ನು ಬರೆದವರ ಮನಸ್ಸಿನಲ್ಲಿದ್ದ ಚಿತ್ರವೂ ಸರಿಯೇ. ಒಬ್ಬ ಮನುಷ್ಯ, ಅವನ ಮೇಜಿನ ಮೇಲೆ ಒಂದು ಕಂಪ್ಯೂಟರ್, ಆ ಕಂಪ್ಯೂಟರಿಗೆ ಒಂದು ವಿಳಾಸ. ಒಂದು ವಿಳಾಸದಿಂದ ನಾಲ್ಕಕ್ಕಿಂತ ಹೆಚ್ಚು ಸಲ ಏಕಕಾಲಕ್ಕೆ ಬಾಗಿಲು ತಟ್ಟಿದರೆ ಯಾರೋ ಕಿಡಿಗೇಡಿಯೇ ಇರಬೇಕು. ಆದರೆ ವೆಬ್‌ಮೇಲ್ ಬಂದಮೇಲೆ ಚಿತ್ರ ಬದಲಾಯಿತು. ಈಗ ಮೂರು ಸಾವಿರ ಜನರ ಪರವಾಗಿ ಒಬ್ಬನೇ ಬಂದು ಬಾಗಿಲು ತಟ್ಟುತ್ತಾನೆ. ಕಾವಲುಗಾರನಿಗೆ ಕಾಣುವುದು ಒಂದೇ ಮುಖ. ಹತ್ತು ಗಂಟೆಯವರೆಗೆ ಯಾವ ಕ್ಷಣದಲ್ಲೂ ನಾಲ್ಕು ಜನ ಸೇರುತ್ತಿರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಐದನೆಯವರು ಬಂದಾಗ ಬಾಗಿಲು ಹಾಕಿತು. ವೆಬ್‌ಮೇಲಿಗೆ ಕಾರಣ ಅರ್ಥವಾಗದೆ, ಪಾಪದ ಪ್ರಾಧ್ಯಾಪಕರಿಗೆ ನಿಮ್ಮ ಪಾಸ್‌ವರ್ಡ್ ತಪ್ಪು ಅಂತ ಹೇಳಿ ಕಳಿಸಿತು.

ಇಷ್ಟು ಗೊತ್ತಾದ ಮೇಲೆ ನಾನು ಮಾಡಿದ್ದು ಶುದ್ಧ ಹುಡುಗಾಟ. 4 ಇದ್ದದ್ದನ್ನು 400 ಮಾಡಿದೆ. 40 ಇದ್ದದ್ದನ್ನು 500 ಮಾಡಿದೆ. ಇಷ್ಟಕ್ಕೂ ಯಂತ್ರ ಖಾಲಿ ಕೂತಿದೆಯಲ್ಲ, ಬರಲಿ ಎಲ್ಲರೂ. ವೆಬ್ ಸರ್ವರಿನಲ್ಲಿ ಏಕಕಾಲಕ್ಕೆ 256 ಜನರನ್ನು ನೋಡಿಕೊಳ್ಳಬಹುದು ಅಂತ ಮೊದಲೇ ಬರೆದಿತ್ತು, ಅದನ್ನು ಮುಟ್ಟಲಿಲ್ಲ. ಅರ್ಧ ಗಂಟೆ ಎಲ್ಲರಿಗೂ ಮೇಲ್ ಸಿಕ್ಕಿತು. ಹನ್ನೊಂದಕ್ಕೆ ಇಡೀ ಯಂತ್ರವೇ ನಿಂತುಹೋಯಿತು. ಮೊದಲು ಕೆಲವರಿಗೆ ಮೇಲ್ ಸಿಗುತ್ತಿರಲಿಲ್ಲ, ಈಗ ಯಾರಿಗೂ ಸಿಗಲಿಲ್ಲ. ಸಮಾನತೆ ತಂದೆ ಅನ್ನಬಹುದು.

ಆಗ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಬಂದು ಹಿಂದೆ ನಿಂತರು. ಬೈಯಲಿಲ್ಲ. "ಒಬ್ಬನಿಗೆ ಎಷ್ಟು ಅಕ್ಕಿ ಬೇಕು ಅಂತ ನೋಡದೆ ಪಂಕ್ತಿಗೆ ಎಷ್ಟು ಎಲೆ ಹಾಕಿದಿಯಪ್ಪಾ?" ಅಂದರು. ಕಾಗದ ತೆಗೆದು ಲೆಕ್ಕ ಹಾಕಿದೆವು. ವೆಬ್‌ಮೇಲಿನ ಒಂದೊಂದು ಪ್ರೋಸೆಸ್, ಅಂದರೆ ಒಬ್ಬರನ್ನು ನೋಡಿಕೊಳ್ಳುವ ಒಬ್ಬ ಕೆಲಸಗಾರ, ಸುಮಾರು 30 ಎಂಬಿ ಮೆಮೊರಿ ಹಿಡಿಯುತ್ತಿತ್ತು. 256 ಸಲ 30 ಅಂದರೆ 7680. ಯಂತ್ರದಲ್ಲಿ ಇದ್ದದ್ದು 4 ಜಿಬಿ. ಅಷ್ಟು ದಿನ 4ರ ಮಿತಿ ಬಾಗಿಲಲ್ಲಿ ಅಡ್ಡ ನಿಂತು ಈ ತಪ್ಪನ್ನು ಮುಚ್ಚಿತ್ತು. ಅದನ್ನು ತೆಗೆದ ಕೂಡಲೇ ಮೆಮೊರಿ ತುಂಬಿತು, ಯಂತ್ರ ಹಾರ್ಡ್ ಡಿಸ್ಕನ್ನೇ ಮೆಮೊರಿಯ ಹಾಗೆ ಬಳಸಲು ಹೊರಟಿತು. ಡಿಸ್ಕು ಮೆಮೊರಿಗಿಂತ ಎಷ್ಟೋ ಸಾವಿರ ಪಟ್ಟು ನಿಧಾನ. ಮಿತಿ ಅನ್ನುವುದು ಸರ್ವರಿನ ಜಿಪುಣತನ ಅಂತ ನಾನು ತಿಳಿದಿದ್ದೆ. ಆ ಅಂಕಿಯ ಹಿಂದೆ ಇಷ್ಟು ಜನಕ್ಕೆ ಬಡಿಸುವಷ್ಟು ಅನ್ನ ನನ್ನ ಹತ್ತಿರ ಇದೆ ಅನ್ನುವ ಮಾತು ಇರುತ್ತದೆ ಅಂತ ಗೊತ್ತಾದದ್ದು ಆ ಮಧ್ಯಾಹ್ನ.

ಈಗ ಪುಟ್ಟನ ವಿಷಯಕ್ಕೆ ಬರುತ್ತೇನೆ. ಕತೆ ನಿಮಗೆಲ್ಲ ಗೊತ್ತು. ನಾಳೆ ಪುಟ್ಟನನ್ನು ಪಕ್ಕದೂರಿಗೆ ಕಳಿಸಬೇಕು ಅಂತ ಅಪ್ಪ ಅಮ್ಮ ರಾತ್ರಿ ಮಾತಾಡಿಕೊಂಡರಂತೆ. ಮಲಗಿದ್ದ ಪುಟ್ಟ ಕೇಳಿಸಿಕೊಂಡ. ಏನು ಕೆಲಸ ಅಂತ ಕೇಳದೆ, ಬೆಳಗಾಗುವ ಮೊದಲೇ ಎದ್ದು ಹೋಗಿ ಬಂದುಬಿಟ್ಟ. ಹೋದ ಪುಟ್ಟ, ಬಂದ ಪುಟ್ಟ. ವೆಬ್‌ಮೇಲಿನ ಸ್ವಭಾವವೇ ಇದು, ಸ್ವಲ್ಪವೂ ಉತ್ಪ್ರೇಕ್ಷೆಯಿಲ್ಲ.

ಯಾಕೆ ಹಾಗೆ ಅನ್ನುವುದಕ್ಕೆ ಎರಡು ಹಳೆಯ ನಿರ್ಧಾರಗಳನ್ನು ನೋಡಬೇಕು. ಪತ್ರಗಳನ್ನು ಸರ್ವರಿನಲ್ಲೇ ಇಟ್ಟು ದೂರದಿಂದ ಓದುವ ಭಾಷೆಯೊಂದಿದೆ, ಐಮ್ಯಾಪ್ ಅಂತ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಅನ್ನುವವರು 1986ರಲ್ಲಿ ಅದನ್ನು ರೂಪಿಸಿದರು. ಅದರದು ನಿಧಾನದ, ಮರ್ಯಾದೆಯ ಮಾತುಕತೆ. ಒಮ್ಮೆ ಬರುತ್ತೀರಿ, ಹೆಸರು ಹೇಳುತ್ತೀರಿ, ಇಂಥ ಪೆಟ್ಟಿಗೆ ತೆಗೆಯಿರಿ ಅನ್ನುತ್ತೀರಿ. ಆಮೇಲೆ ಗಂಟೆಗಟ್ಟಲೆ ಕೂತು ಈ ಪತ್ರ ತೋರಿಸಿ, ಅದನ್ನು ಅಳಿಸಿ, ಇದನ್ನು ಅಲ್ಲಿಡಿ ಅಂತ ಹರಟಬಹುದು. ಹೊಸ ಪತ್ರ ಬಂದರೆ ಸರ್ವರೇ ನಿಮಗೆ ಹೇಳುತ್ತದೆ. ವೆಬ್ ಹುಟ್ಟಿದ್ದು ಬೇರೆಯದೇ ಸ್ವಭಾವದಲ್ಲಿ. ಅಲ್ಲಿ ಬ್ರೌಸರ್ ಒಂದು ಪುಟ ಕೇಳುತ್ತದೆ, ಸರ್ವರ್ ಕೊಡುತ್ತದೆ, ಕೊಟ್ಟ ಮರುಕ್ಷಣ ಮರೆತುಬಿಡುತ್ತದೆ. ಆ ಮರೆವಿನಿಂದಲೇ ವೆಬ್ ಅಷ್ಟು ಬೇಗ ಜಗತ್ತನ್ನೆಲ್ಲ ತುಂಬಿತು; ನೆನಪಿಟ್ಟುಕೊಳ್ಳುವ ಹೊರೆ ಇದ್ದರೆ ಆಗುತ್ತಿರಲಿಲ್ಲ.

ಈ ಇಬ್ಬರಿಗೆ ಮದುವೆ ಮಾಡಿದ್ದೇ ವೆಬ್‌ಮೇಲ್. ಜಾತಕ ಕೂಡಿರಲಿಲ್ಲ. ಆದರೂ ಸಂಸಾರ ನಡೆಯಿತು, ಅದೂ ಭರ್ಜರಿಯಾಗಿ. ಬ್ರೌಸರಿನಲ್ಲಿ ಪತ್ರ ಓದುವುದನ್ನು ಲೋಕಕ್ಕೆಲ್ಲ ರೂಢಿ ಮಾಡಿಸಿದ ಹಾಟ್‌ಮೇಲ್ ಶುರುವಾದದ್ದು 1996ರ ಜುಲೈ 4ರಂದು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವರು, ಇಲ್ಲಿನ ಸೇಂಟ್ ಜೋಸೆಫ್ಸ್ ಬಾಯ್ಸ್ ಹೈಸ್ಕೂಲಿನಲ್ಲಿ ಓದಿದವರು. ಸೈಬರ್ ಕೆಫೆಗಳ ಕಾಲ ನೆನಪಿರುವವರಿಗೆ ಆ ಹೆಸರು ನೆನಪಿರುತ್ತದೆ. ಹಾಟ್‌ಮೇಲಿನಂಥವರು ತಮ್ಮದೇ ವ್ಯವಸ್ಥೆ ಕಟ್ಟಿಕೊಂಡರು. ನಮ್ಮಂಥ ಸಣ್ಣವರು ಬಿಟ್ಟಿ ಸಿಗುವ ವೆಬ್‌ಮೇಲ್‌ಗಳನ್ನು ಹಾಕಿಕೊಂಡೆವು. ಸ್ಕ್ವಿರಲ್‌ಮೇಲ್ ಅಂತ ಒಂದಿತ್ತು, ಆಮೇಲೆ ರೌಂಡ್‌ಕ್ಯೂಬ್ ಬಂತು. ಎರಡನ್ನೂ ಬರೆದದ್ದು ಪಿಎಚ್‌ಪಿ ಅನ್ನುವ ಭಾಷೆಯಲ್ಲಿ. ಅದು ಪುಟ ಕೊಟ್ಟ ಕೂಡಲೇ ಕೈಯಲ್ಲಿದ್ದದ್ದನ್ನೆಲ್ಲ ಬಿಟ್ಟು ಹೋಗುವ ಜಾತಿ.

ಹಾಗಾಗಿ ನೀವು ವೆಬ್‌ಮೇಲಿನಲ್ಲಿ ಒಂದು ಪತ್ರದ ಮೇಲೆ ಕ್ಲಿಕ್ ಮಾಡಿದರೆ ತೆರೆಯ ಹಿಂದೆ ನಡೆಯುವುದು ಇದು. ಪುಟ್ಟ ಓಡುತ್ತಾನೆ. ಮೇಲ್ ಸರ್ವರಿನ ಬಾಗಿಲು ತಟ್ಟುತ್ತಾನೆ. ನಿಮ್ಮ ಹೆಸರು, ಪಾಸ್‌ವರ್ಡ್ ಹೇಳುತ್ತಾನೆ. ಇನ್‌ಬಾಕ್ಸ್ ತೆಗೆಸುತ್ತಾನೆ. ಆ ಒಂದು ಪತ್ರ ತೆಗೆದುಕೊಳ್ಳುತ್ತಾನೆ. ಬರ್ತೀನಿ ಅಂತ ಹೇಳಿ ಹೊರಡುತ್ತಾನೆ. ನೀವು ಮುಂದಿನ ಪತ್ರ ಕ್ಲಿಕ್ ಮಾಡಿದಿರಿ. ಮತ್ತೆ ಪುಟ್ಟ, ಮತ್ತೆ ಬಾಗಿಲು, ಮತ್ತೆ ಪಾಸ್‌ವರ್ಡ್. ಹತ್ತು ಪತ್ರ ಓದಿದರೆ ಹತ್ತು ಪ್ರಯಾಣ. ನೀವು ಏನೂ ಮಾಡದೆ ಕಾಫಿ ಕುಡಿಯಲು ಹೋಗಿದ್ದರೂ ಅವನಿಗೆ ಬಿಡುವಿಲ್ಲ. ರೌಂಡ್‌ಕ್ಯೂಬ್ ತಾನಾಗಿಯೇ 60 ಸೆಕೆಂಡಿಗೊಮ್ಮೆ ಹೊಸ ಪತ್ರ ಬಂತೇ ಅಂತ ಹೋಗಿ ನೋಡಿ ಬರುತ್ತದೆ. 600 ಜನ ಪುಟ ತೆರೆದಿಟ್ಟು ಸುಮ್ಮನೆ ಕೂತಿದ್ದಾರೆ ಅನ್ನಿ. ಸೆಕೆಂಡಿಗೆ 10 ಸಲ ಬಾಗಿಲು ತೆರೆದು ಮುಚ್ಚಬೇಕು. ಒಬ್ಬರಿಗೂ ಒಂದು ಪತ್ರ ಬಂದಿರಬೇಕಾಗಿಲ್ಲ.

ಸೆಕೆಂಡಿಗೆ 10 ಅನ್ನುವುದು ಹೆಚ್ಚೋ ಕಡಿಮೆಯೋ? ಅದು ಪುಟ್ಟ ಒಳಗೆ ಎಷ್ಟು ಹೊತ್ತು ಇರುತ್ತಾನೆ ಅನ್ನುವುದರ ಮೇಲೆ ನಿಂತಿದೆ. ಈ ಲೆಕ್ಕ ಕಂಪ್ಯೂಟರಿಗಿಂತ ಹಳೆಯದು. ಡೆನ್ಮಾರ್ಕಿನ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಅನ್ನುವ ಗಣಿತಜ್ಞರು, ಊರಿಗೆ ಎಷ್ಟು ಲೈನು ಹಾಕಿದರೆ ಜನ ಕಾಯದೆ ಮಾತಾಡಬಹುದು ಅಂತ 1909ರಿಂದಲೇ ಬರೆಯತೊಡಗಿದ್ದರು. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾದ ನಮ್ಮ ತಲೆಮಾರಿಗೆ ಅವರ ಕಷ್ಟ ಅರ್ಥವಾಗುತ್ತದೆ. 1961ರಲ್ಲಿ ಅಮೆರಿಕದ ಜಾನ್ ಲಿಟಲ್ ಇದಕ್ಕೆ ಒಂದು ಚಿಕ್ಕ ಸೂತ್ರವನ್ನು ಸಾಧಿಸಿ ತೋರಿಸಿದರು. ಚಿಕ್ಕ ಮಕ್ಕಳಿಗೂ ಹೇಳಬಹುದಾದಷ್ಟು ಸರಳ. ಸೆಕೆಂಡಿಗೆ ಎಷ್ಟು ಜನ ಬರುತ್ತಾರೆ, ಒಬ್ಬೊಬ್ಬರು ಎಷ್ಟು ಸೆಕೆಂಡು ಒಳಗಿರುತ್ತಾರೆ, ಎರಡನ್ನೂ ಗುಣಿಸಿ. ಸರಾಸರಿ ಅಷ್ಟು ಜನ ಯಾವಾಗಲೂ ಒಳಗಿರುತ್ತಾರೆ.

ನಮ್ಮ ಪುಟ್ಟ ಸೆಕೆಂಡಿಗೆ 10 ಸಲ ಬರುತ್ತಾನೆ, ಪ್ರತಿ ಸಲ 0.2 ಸೆಕೆಂಡು ಇರುತ್ತಾನೆ. ಒಳಗಿರುವವರು 2. ಮನೆ ಖಾಲಿ. ಅದೇ ಪುಟ್ಟ ಪ್ರತಿ ಸಲ 4 ಸೆಕೆಂಡು ಕೂತರೆ ಒಳಗಿರುವವರು 40. ಬರುವವರು ಒಬ್ಬರೂ ಹೆಚ್ಚಾಗಿಲ್ಲ, ಆದರೂ ನಮ್ಮ ಹಳೆಯ 40ರ ಮಿತಿ ಮುಗಿದುಹೋಯಿತು. ನೋಡಿ, ಇಲ್ಲಿ ಒಂದು ಸೂಕ್ಷ್ಮವಿದೆ. ಲಾಗಿನಲ್ಲಿ ಮಿತಿ ಮುಗಿಯಿತು ಅಂತ ಕಂಡ ಕೂಡಲೇ ಜನ ಜಾಸ್ತಿಯಾದರು, ಮಿತಿ ಹೆಚ್ಚಿಸೋಣ ಅಂತ ಕೈ ಹೋಗುತ್ತದೆ. ಎಷ್ಟೋ ಸಲ ಜನ ಜಾಸ್ತಿಯಾಗಿರುವುದಿಲ್ಲ, ಒಳಗಿನ ಕೆಲಸ ನಿಧಾನವಾಗಿರುತ್ತದೆ. ಆಗ ಮಿತಿ ಹೆಚ್ಚಿಸಿದರೆ ಒಳಗೆ ನೂಕುನುಗ್ಗಲಾಗಿ ಕೆಲಸ ಇನ್ನೂ ನಿಧಾನ. ಮೇಲಾಗಿ ಮನುಷ್ಯರು ಸುಮ್ಮನೆ ಕಾಯುವವರಲ್ಲ. ಪುಟ ಬರದಿದ್ದರೆ ರಿಫ್ರೆಶ್ ಒತ್ತುತ್ತಾರೆ. ಒತ್ತಿದಷ್ಟು ಸಲ ಹೊಸ ಪುಟ್ಟ. ಹಳೆಯ ಪುಟ್ಟ ಇನ್ನೂ ಒಳಗೇ ಇರುತ್ತಾನೆ, ಪತ್ರ ಹುಡುಕುತ್ತಾ.

ಹಾಗಾದರೆ ಪುಟ್ಟ ಒಳಗೆ ಮಾಡುವುದಾದರೂ ಏನು? ನಮ್ಮಲ್ಲಿ ಎರಡು ಕಡೆ ಹೊತ್ತು ಹೋಗುತ್ತಿತ್ತು.

ಒಂದು, ಪೆಟ್ಟಿಗೆ. ಮೇಲ್‌ಡಿರ್ ಅನ್ನುವ ಪದ್ಧತಿಯಲ್ಲಿ ಒಂದೊಂದು ಪತ್ರವೂ ಒಂದೊಂದು ಕಡತ. ಪದ್ಧತಿ ಒಳ್ಳೆಯದು, ಒಂದು ಪತ್ರ ಕೆಟ್ಟರೆ ಉಳಿದವು ಕೆಡುವುದಿಲ್ಲ. ಆದರೆ ನಮ್ಮಲ್ಲಿ ಏನನ್ನೂ ಅಳಿಸದ ಮಹನೀಯರೊಬ್ಬರಿದ್ದರು. ಅವರ ಇನ್‌ಬಾಕ್ಸಿನಲ್ಲಿ 20,000 ಪತ್ರ. ಅವರು ಪಟ್ಟಿಯನ್ನು ಕಳಿಸಿದವರ ಹೆಸರಿನ ಪ್ರಕಾರ ಜೋಡಿಸು ಅಂದರೆ, ಸರ್ವರ್ 20,000 ಕಡತ ಬಿಚ್ಚಿ ತಲೆಬರಹ ಓದಬೇಕು. ಆಗಿನ ಹಾರ್ಡ್ ಡಿಸ್ಕು ನಿಮಿಷಕ್ಕೆ 7200 ಸುತ್ತು ತಿರುಗುತ್ತಿತ್ತು. ಬೇಕಾದ ಜಾಗಕ್ಕೆ ಮುಳ್ಳು ಸರಿಯಬೇಕು, ತಟ್ಟೆ ತಿರುಗಿ ಆ ಜಾಗ ಮುಳ್ಳಿನ ಕೆಳಗೆ ಬರಬೇಕು. ಹೀಗೆ ಅಲ್ಲೊಂದು ಇಲ್ಲೊಂದು ಓದುವುದಾದರೆ ಸೆಕೆಂಡಿಗೆ 80 ಓದು ಸಿಕ್ಕರೆ ಪುಣ್ಯ. 20,000ವನ್ನು 80ರಿಂದ ಭಾಗಿಸಿ: 250 ಸೆಕೆಂಡು. ನಾಲ್ಕು ನಿಮಿಷದ ಮೇಲೆ. ಅಷ್ಟು ಹೊತ್ತು ಮಿಕ್ಕ ಪುಟ್ಟಂದಿರೆಲ್ಲ ಅದೇ ಡಿಸ್ಕಿನ ಮುಂದೆ ಸಾಲು ನಿಂತಿರುತ್ತಾರೆ. ಒಬ್ಬರ ಜೋಪಾನ ಬುದ್ಧಿಯಿಂದ ಊರಿಗೆಲ್ಲ ತಡ.

ಇದಕ್ಕೆ ನಾವು ಕಂಡುಕೊಂಡ ಪರಿಹಾರ ಡವ್‌ಕಾಟ್. ಫಿನ್‌ಲ್ಯಾಂಡಿನ ಟಿಮೊ ಸಿರೈನೆನ್ ಎಂಬುವವರು ಬರೆದು 2002ರಲ್ಲಿ ಬಿಡುಗಡೆ ಮಾಡಿದ ಸರ್ವರ್ ಅದು. ಇಂಗ್ಲಿಷಿನಲ್ಲಿ ಪಾರಿವಾಳದ ಗೂಡಿಗೆ ಹೇಳುವ ಹೆಸರನ್ನು ಹೋಲುತ್ತದೆ; ಪತ್ರಕ್ಕೂ ಪಾರಿವಾಳಕ್ಕೂ ಇರುವ ನಂಟು ಹಳೆಯದಲ್ಲವೇ. ಅದು ಮಾಡುವ ಜಾಣತನವೆಂದರೆ, ಒಮ್ಮೆ ಓದಿದ ತಲೆಬರಹಗಳನ್ನು ಬೇರೆ ಒಂದು ಸೂಚಿಯಲ್ಲಿ ಬರೆದಿಟ್ಟುಕೊಳ್ಳುವುದು. ಎರಡನೇ ಸಲ 20,000 ಕಡತ ಬಿಚ್ಚಬೇಕಾಗಿಲ್ಲ, ಸೂಚಿ ನೋಡಿದರೆ ಸಾಕು. ಗ್ರಂಥಾಲಯದಲ್ಲಿ ಕಾರ್ಡುಗಳ ಡ್ರಾಯರ್ ಇರುತ್ತಿತ್ತಲ್ಲ, ಹಾಗೆ. ಬದಲಾಯಿಸಿದ ಮರುದಿನ ಆ ಮಹನೀಯರು ಸಿಕ್ಕಿ, "ಈಗ ಪರವಾಗಿಲ್ಲ ರೀ" ಅಂದರು. ನಮ್ಮ ಕೆಲಸದಲ್ಲಿ ಇದು ದೊಡ್ಡ ಸನ್ಮಾನ.

ಎರಡನೆಯದು ಪಾಸ್‌ವರ್ಡ್ ಪರೀಕ್ಷೆ. ಇದು ನನಗೆ ಬಹಳ ತಡವಾಗಿ ಹೊಳೆಯಿತು. ಸರ್ವರಿನಲ್ಲಿ ನಿಮ್ಮ ಪಾಸ್‌ವರ್ಡನ್ನು ಇದ್ದ ಹಾಗೇ ಬರೆದಿಡುವುದಿಲ್ಲ, ಗುರುತು ಸಿಗದ ಹಾಗೆ ಕಲಸಿ ಇಡುತ್ತೇವೆ. 1999ರಲ್ಲಿ ಬಂದ ಬಿಕ್ರಿಪ್ಟ್ ಅನ್ನುವ ಪದ್ಧತಿ ಇದಕ್ಕೆ ಹೆಸರಾದದ್ದು. ಅದನ್ನು ಬೇಕೆಂದೇ ನಿಧಾನವಾಗಿ ಮಾಡಿದ್ದಾರೆ. ಕಳ್ಳ ಕೋಟಿಗಟ್ಟಲೆ ಪಾಸ್‌ವರ್ಡ್ ಊಹಿಸಿ ನೋಡಬಾರದು ಅಂತ. ಒಂದು ಪರೀಕ್ಷೆಗೆ 0.1 ಸೆಕೆಂಡು ಹಿಡಿಯುವಂತೆ ನಾವು ಇಟ್ಟಿದ್ದೆವು. ಮನುಷ್ಯ ದಿನಕ್ಕೊಂದು ಸಲ ಲಾಗಿನ್ ಆದರೆ ಅದು ಏನೂ ಅಲ್ಲ. ಆದರೆ ಪುಟ್ಟ ಸೆಕೆಂಡಿಗೆ 10 ಸಲ ಬರುತ್ತಾನೆ. 10 ಸಲ 0.1 ಅಂದರೆ 1. ಪ್ರೊಸೆಸರಿನ ಒಂದು ಇಡೀ ಕೋರ್, ಬೆಳಗಿನಿಂದ ಸಂಜೆಯವರೆಗೆ, ಅದೇ ಜನರನ್ನು ನೀವು ನೀವೇನಾ ಅಂತ ಕೇಳುವುದರಲ್ಲೇ ಸವೆಯುತ್ತಿತ್ತು. ಕಳ್ಳನಿಗೆ ಅಂತ ಮಾಡಿದ ಗೋಡೆಯನ್ನು ಮನೆಯ ಮಗ ನಿಮಿಷಕ್ಕೊಮ್ಮೆ ಹತ್ತಿ ಇಳಿಯುತ್ತಿದ್ದ.

ಡವ್‌ಕಾಟಿನಲ್ಲಿ ಇದಕ್ಕೊಂದು ನೆನಪಿನ ಪೆಟ್ಟಿಗೆ ಇದೆ. ಒಮ್ಮೆ ಸರಿ ಅಂತ ಕಂಡ ಪಾಸ್‌ವರ್ಡನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡು ಮುಂದಿನ ಸಲ ಬೇಗ ಒಳಗೆ ಬಿಡುತ್ತದೆ. ಒಂದು ಎಚ್ಚರಿಕೆ ಬೇಕು: ನೀವು ಪಾಸ್‌ವರ್ಡ್ ಬದಲಾಯಿಸಿದ ಮೇಲೂ ಹಳೆಯದು ಸ್ವಲ್ಪ ಹೊತ್ತು ನಡೆಯುವ ಸಾಧ್ಯತೆ ಇರುತ್ತದೆ. ನಾವು ಆ ಹೊತ್ತನ್ನು ಚಿಕ್ಕದಾಗಿಟ್ಟೆವು.

ಇದಕ್ಕಿಂತ ನನಗೆ ಇಷ್ಟವಾದ ಉಪಾಯ ಇನ್ನೊಂದು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಇದೇ ತೊಂದರೆಗೆ ಸಿಕ್ಕಿದವರು ಐಮ್ಯಾಪ್‌ಪ್ರಾಕ್ಸಿ ಅಂತ ಒಂದು ಸಣ್ಣ ಮಧ್ಯವರ್ತಿಯನ್ನು ಬರೆದರು. ಅದು ವೆಬ್‌ಮೇಲಿಗೂ ಮೇಲ್ ಸರ್ವರಿಗೂ ನಡುವೆ ಕೂರುತ್ತದೆ. ಪುಟ್ಟ ಬರ್ತೀನಿ ಅಂದಾಗ ಸರಿಯಪ್ಪಾ ಹೋಗಿ ಬಾ ಅನ್ನುತ್ತದೆ, ಆದರೆ ಒಳಗಿನ ಬಾಗಿಲು ಮುಚ್ಚಲು ಬಿಡುವುದಿಲ್ಲ. 300 ಸೆಕೆಂಡು ಅವನ ಜಾಗ ಹಾಗೇ ಹಿಡಿದಿಟ್ಟಿರುತ್ತದೆ. ಅಷ್ಟರೊಳಗೆ ಅವನು ಮತ್ತೆ ಬಂದೇ ಬರುತ್ತಾನೆ ಅಂತ ಅದಕ್ಕೆ ಗೊತ್ತು. ಬಸ್ಸಿನಲ್ಲಿ ಕರ್ಚೀಫು ಹಾಕಿ ಸೀಟು ಹಿಡಿಯುವವರಿಗೆ ಈ ತಂತ್ರವನ್ನು ವಿವರಿಸಬೇಕಾಗಿಲ್ಲ. ಮೇಲ್ ಸರ್ವರಿಗೆ ಮಾತ್ರ, ಒಬ್ಬ ಸಭ್ಯ ಮನುಷ್ಯ ಬೆಳಗಿನಿಂದ ಒಂದೇ ಕಡೆ ಕೂತು ಪತ್ರ ಓದುತ್ತಿರುವಂತೆ ಕಾಣುತ್ತದೆ. ಕ್ರಿಸ್ಪಿನ್ ಅಂದುಕೊಂಡದ್ದೂ ಅದನ್ನೇ ಅಲ್ಲವೇ.

ಇನ್ನು ಕಾವಲುಗಾರರ ವಿಷಯ. ಡವ್‌ಕಾಟಿನಲ್ಲಿ ಬಾಗಿಲು ಕಾಯುವುದಕ್ಕೆ ಎರಡು ಕ್ರಮಗಳಿವೆ. ಒಂದರಲ್ಲಿ ಬಂದ ಪ್ರತಿಯೊಬ್ಬರಿಗೂ ಹೊಸ ಕಾವಲುಗಾರ. ಒಬ್ಬರನ್ನು ಒಳಗೆ ಬಿಟ್ಟ ಮೇಲೆ ಅವನ ಕೆಲಸ ಮುಗಿಯಿತು. ಯಾರಾದರೂ ಒಬ್ಬ ಕಾವಲುಗಾರನಿಗೆ ಮಂಕುಬೂದಿ ಎರಚಿದರೂ ಅವನಿಗೆ ಇನ್ನೊಬ್ಬರ ಗುಟ್ಟು ಗೊತ್ತಿರುವುದಿಲ್ಲ. ಕ್ಷೇಮ ಹೆಚ್ಚು, ಆದರೆ ದುಬಾರಿ. ಇನ್ನೊಂದರಲ್ಲಿ ಕೆಲವೇ ಕಾವಲುಗಾರರು, ಒಬ್ಬೊಬ್ಬರೂ ನೂರಾರು ಜನರನ್ನು ವಿಚಾರಿಸುತ್ತಾರೆ. ಪುಟ್ಟನ ಹಾವಳಿ ಇರುವ ಕಡೆ ಎರಡನೆಯದೇ ಸರಿ ಅಂತ ನನ್ನ ಅಭಿಪ್ರಾಯ, ಪ್ರೊಸೆಸರಿನ ಕೋರುಗಳ ಸಂಖ್ಯೆಯಷ್ಟು ಕಾವಲುಗಾರರನ್ನು ಇಟ್ಟುಕೊಂಡರೆ ಸಾಕು. ಒಪ್ಪದ ಗೆಳೆಯರಿದ್ದಾರೆ. ಅವರ ಯಂತ್ರಗಳು ನನ್ನವಕ್ಕಿಂತ ದೊಡ್ಡವು.

ಗೋಡೆಯೊಳಗೆ ಕಾಣದ ಮಿತಿಗಳೂ ಇವೆ. ಯಂತ್ರವನ್ನು ನಡೆಸುವ ಲಿನಕ್ಸಿನಲ್ಲಿ ಒಂದು ಪ್ರೋಸೆಸ್ ಸಾಮಾನ್ಯವಾಗಿ 1024 ಕಡತಗಳನ್ನು ಮಾತ್ರ ತೆರೆದಿಡಬಹುದು. ಕನೆಕ್ಷನ್ ಕೂಡ ಅದರ ಲೆಕ್ಕದಲ್ಲಿ ಒಂದು ಕಡತವೇ. ಮುಚ್ಚಿದ ಕನೆಕ್ಷನ್ ಒಂದು ನಿಮಿಷದವರೆಗೆ ಪೂರ್ತಿ ಹೋಗಿರುವುದಿಲ್ಲ, ಅದು ಹಿಡಿದಿದ್ದ ಪೋರ್ಟ್ ಅಂಕಿಯನ್ನು ಬೇರೆಯವರಿಗೆ ಕೊಡುವ ಹಾಗಿಲ್ಲ. ನಮ್ಮ ಮಟ್ಟದಲ್ಲಿ ಇದು ತೊಂದರೆ ಕೊಡಲಿಲ್ಲ. ಇನ್ನೊಂದು ಕೊಟ್ಟಿತು: ಪೆಟ್ಟಿಗೆಗೆ ಹೊಸ ಪತ್ರ ಬಿತ್ತೇ ಅಂತ ಕಾಯುವ ಕಣ್ಣುಗಳಿಗೂ ಒಂದು ಮಿತಿ, ಒಬ್ಬ ಬಳಕೆದಾರನ ಲೆಕ್ಕದಲ್ಲಿ 128. ಎಲ್ಲ ಪೆಟ್ಟಿಗೆಗಳೂ ಒಂದೇ ಹೆಸರಿನಲ್ಲಿದ್ದ ನಮ್ಮಲ್ಲಿ 129ನೆಯವರ ಪೆಟ್ಟಿಗೆಗೆ ಕಣ್ಣು ಇಲ್ಲದಾಯಿತು.

ವೆಬ್‌ಮೇಲನ್ನು ಬೇರೆ ಯಂತ್ರಕ್ಕೆ ಸಾಗಿಸಿದಾಗ ಆದ ಅವಾಂತರ ಹೇಳದಿದ್ದರೆ ಈ ಕತೆ ಪೂರ್ತಿಯಾಗುವುದಿಲ್ಲ. ತಪ್ಪು ಪಾಸ್‌ವರ್ಡ್ ಮತ್ತೆ ಮತ್ತೆ ಹೇಳುವವರ ವಿಳಾಸವನ್ನು ಹಿಡಿದು ಹೊರಗಟ್ಟುವ ಫೇಲ್‌ಟುಬ್ಯಾನ್ ಅನ್ನುವ ಕಾವಲು ನಾಯಿ ನಮ್ಮಲ್ಲಿತ್ತು. ಒಳ್ಳೆಯ ನಾಯಿ. ವೆಬ್‌ಮೇಲ್ ಅದೇ ಯಂತ್ರದಲ್ಲಿದ್ದಷ್ಟು ದಿನ ಮನೆಯ ವಿಳಾಸ ಅಂತ ಅದು ಬೊಗಳುತ್ತಿರಲಿಲ್ಲ. ಹೊಸ ಯಂತ್ರಕ್ಕೆ ಹೊಸ ವಿಳಾಸ ಬಂತು; ಅದನ್ನು ನಾಯಿಗೆ ಪರಿಚಯ ಮಾಡಿಸುವುದನ್ನು ನಾನು ಮರೆತೆ. ರಜೆ ಮುಗಿಸಿ ಬಂದ ವಿದ್ಯಾರ್ಥಿಗಳು ಮರೆತ ಪಾಸ್‌ವರ್ಡುಗಳನ್ನು ಒಂದಾದ ಮೇಲೊಂದು ಒತ್ತಿ ನೋಡಿದರು. ನಾಯಿಗೆ ಕಂಡದ್ದು ಒಬ್ಬನೇ ಕಳ್ಳ. ಹಿಡಿದು ಹೊರಗೆ ಹಾಕಿತು. ಮೂರು ಸಾವಿರ ಜನರಿಗೂ ಒಟ್ಟಿಗೆ ಬಾಗಿಲು ಬಂದ್. ಹಳೆಯ 127.0.0.1 ಪಾಠವನ್ನು ಬೇರೆ ವೇಷದಲ್ಲಿ ಮತ್ತೆ ಕಲಿತೆ, ಅದೂ ಊಟದ ಹೊತ್ತಿನಲ್ಲಿ.

ಆಮೇಲೆ ಮೊಬೈಲುಗಳು ಬಂದವು, ಸಮಸ್ಯೆ ತಲೆಕೆಳಗಾಯಿತು. ಮೊಬೈಲ್ ಪುಟ್ಟನ ಹಾಗಲ್ಲ. ಅದು ಬಂದರೆ ಹೋಗುವುದೇ ಇಲ್ಲ. ಐಮ್ಯಾಪಿನಲ್ಲಿ 1997ರಿಂದ ಐಡಲ್ ಅನ್ನುವ ಒಂದು ಆಜ್ಞೆ ಇದೆ: ನಾನು ಇಲ್ಲೇ ಜಗಲಿ ಮೇಲೆ ಕೂತಿರುತ್ತೇನೆ, ಪತ್ರ ಬಂದರೆ ಕೂಗಿ ಅನ್ನುವ ಅರ್ಥದ್ದು. ಕೂತವರಿಗೆ ಕೆಲಸವೇನೂ ಇಲ್ಲ, ಆದರೆ ಜಾಗ ಬೇಕು. ಸಾವಿರ ಜನ ಸುಮ್ಮನೆ ಕೂತರೂ ಸಾವಿರ ಪ್ರೋಸೆಸ್. ಪ್ರೊಸೆಸರ್ ಖಾಲಿ, ಮೆಮೊರಿ ಭರ್ತಿ. ಡವ್‌ಕಾಟಿನ ಹೊಸ ಆವೃತ್ತಿಗಳಲ್ಲಿ ಇವರನ್ನೆಲ್ಲ ಒಂದೇ ಚಾಪೆಯ ಮೇಲೆ ಮಲಗಿಸಿ, ಪತ್ರ ಬಂದವರನ್ನು ಮಾತ್ರ ಎಬ್ಬಿಸುವ ಏರ್ಪಾಡು ಇದೆ. ಓಡಾಡುವವರಿಗೆ ಒಂದು ಮದ್ದು, ಕೂತವರಿಗೆ ಇನ್ನೊಂದು. ಒಂದೇ ಯಂತ್ರದಲ್ಲಿ ಇಬ್ಬರೂ ಇರುತ್ತಾರೆ ಅನ್ನುವುದರಿಂದಲೇ ನಮಗೆ ಸಂಬಳ.

ಕೊನೆಗೆ ನಾವು ಮಾಡಿದ ಅತಿ ಅಗ್ಗದ ಬದಲಾವಣೆ. ರೌಂಡ್‌ಕ್ಯೂಬಿನಲ್ಲಿ 60 ಅಂತ ಇದ್ದ ಅಂಕಿಯನ್ನು ಅಳಿಸಿ 300 ಅಂತ ಬರೆದೆವು. ನಿಮಿಷಕ್ಕೊಮ್ಮೆ ಹೋಗುತ್ತಿದ್ದ ಪುಟ್ಟ ಐದು ನಿಮಿಷಕ್ಕೊಮ್ಮೆ ಹೋಗತೊಡಗಿದ. ಸೆಕೆಂಡಿಗೆ 10 ಇದ್ದದ್ದು 2ಕ್ಕೆ ಇಳಿಯಿತು. ಒಂದು ಪೈಸೆ ಖರ್ಚಿಲ್ಲ. ತಿಂಗಳಾದರೂ ಯಾರೂ ದೂರು ಹೇಳಲಿಲ್ಲ.

ಆ ಅಂಕಿಗೆ ನಾವು ಕೈ ಹಾಕುವಂತೆ ಮಾಡಿದ್ದು ಒಂದು ದಸರಾ ರಜೆ. ಸಂಸ್ಥೆ ಹತ್ತು ದಿನ ಮುಚ್ಚಿತ್ತು. ನಾನು ಮಾತ್ರ ನಡುವೆ ಒಂದು ದಿನ ಬಂದು ಲಾಗ್ ನೋಡುತ್ತಿದ್ದೆ. ಗದ್ದಲವಿಲ್ಲದ ದಿನ, ಹಾಗಾಗಿ ಕಣ್ಣಿಗೆ ಬಿತ್ತು. ಒಂದೇ ಹೆಸರು, ನಿಮಿಷಕ್ಕೊಮ್ಮೆ ಲಾಗಿನ್, ಮರುಕ್ಷಣ ಲಾಗೌಟ್. ರಾತ್ರಿ ಎರಡಕ್ಕೂ ಇದೆ, ಬೆಳಗಿನ ಜಾವ ನಾಲ್ಕಕ್ಕೂ ಇದೆ. ದಿನಕ್ಕೆ 1440 ಸಲ. ಯಾರೋ ಒಳನುಗ್ಗಿದ್ದಾರೆ ಅಂತ ಎದೆ ಹಾರಿತು. ವೆಬ್ ಸರ್ವರಿನ ಲಾಗಿನಲ್ಲಿ ವಿಳಾಸ ಹುಡುಕಿದರೆ ನಮ್ಮದೇ ಮೂರನೇ ಮಹಡಿಯ ಪ್ರಯೋಗಾಲಯ. ವಾಚ್‌ಮನ್ ಹತ್ತಿರ ಬೀಗದ ಕೈ ಇಸಿದುಕೊಂಡು ಮೇಲೆ ಹೋದೆ. ಕಿಟಕಿಗಳು ಮುಚ್ಚಿದ್ದವು, ಕುರ್ಚಿಗಳನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟಿದ್ದರು. ಮೂಲೆಯಲ್ಲಿ ಒಂದು ಕಂಪ್ಯೂಟರಿನ ಫ್ಯಾನು ಮಾತ್ರ ಸಣ್ಣಗೆ ತಿರುಗುತ್ತಿತ್ತು. ಮಾನಿಟರ್ ಹಾಕಿ ಮೌಸ್ ಅಲ್ಲಾಡಿಸಿದೆ. ರಜೆಗೆ ಊರಿಗೆ ಹೋದ ಹುಡುಗನೊಬ್ಬ ತೆರೆದಿಟ್ಟು ಹೋದ ಇನ್‌ಬಾಕ್ಸು. ಹೊಸ ಪತ್ರ ಒಂದೂ ಇರಲಿಲ್ಲ.